ನಿರಾಶನಾದ ಪ್ರೇಕ್ಷಕನ ಪರವಾಗಿ

ಸೂಪರ್‌ಹೀರೋ ಸಿನಿಮಾ ನೋಡಿ ನಿರಾಶರಾದವರನ್ನು ಕಂಡರೆ ನಮ್ಮ ಸಾಹಿತ್ಯದ ಜನಕ್ಕೆ ನಗು ಬರುತ್ತದೆ. 'ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡವನ ಕಥೆಯಲ್ಲಿ ಇನ್ನೇನು ಇರುತ್ತದೆ ಅಂದುಕೊಂಡಿದ್ದೆ?' ಎಂಬ ಪ್ರಶ್ನೆಯನ್ನು ನಾನು ವಿಭಾಗದ ಕಾರಿಡಾರಿನಲ್ಲಿ ಕೇಳಿದ್ದೇನೆ, ವಿಚಾರಸಂಕಿರಣಗಳ ಊಟದ ಸಾಲಿನಲ್ಲಿಯೂ ಕೇಳಿದ್ದೇನೆ. ಪ್ರಶ್ನೆ ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಕೀಳು ಪದಾರ್ಥವನ್ನು ತಿಂದವನು ಹೊಟ್ಟೆನೋವಿನ ಬಗ್ಗೆ ದೂರಬಾರದು ಎಂಬುದು ಅವರ ನಿಲುವು. ನನ್ನ ನಿಲುವು ಬೇರೆ. ನಿರಾಶನಾದ ಪ್ರೇಕ್ಷಕ ಒಂದು ಗಂಭೀರವಾದ ಕೆಲಸವನ್ನು ಶುರು ಮಾಡಿರುತ್ತಾನೆ. ಅದನ್ನು ಮುಗಿಸಲು ಅವನಿಗೆ ಯಾರೂ ಬಿಡುವುದಿಲ್ಲ. ನಗುವ ಪಂಡಿತರು ಬಿಡುವುದಿಲ್ಲ, ಅವನ ಜೊತೆಗಾರ ಅಭಿಮಾನಿಗಳು ಬಿಡುವುದಿಲ್ಲ, ಸಿನಿಮಾ ಮಾಡಿದ ಕಂಪನಿಯಂತೂ ಬಿಡುವುದೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್: ಡಾನ್ ಆಫ್ ಜಸ್ಟಿಸ್' 2016ರ ಮಾರ್ಚ್ 25ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ಜ್ಯಾಕ್ ಸ್ನೈಡರ್, ಕಂಪನಿ ವಾರ್ನರ್ ಬ್ರದರ್ಸ್. ಸೂಪರ್‌ಮ್ಯಾನ್ ಮೊದಲು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಇಬ್ಬರೂ ಒಂದೇ ಸಿನಿಮಾದಲ್ಲಿ ಎದುರುಬದುರಾಗಿ ನಿಲ್ಲುವುದನ್ನು ದೊಡ್ಡ ಪರದೆಯ ಮೇಲೆ ನೋಡಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಮೊದಲ ವಾರಾಂತ್ಯದಲ್ಲಿ ಉತ್ತರ ಅಮೆರಿಕವೊಂದರಲ್ಲೇ ಸುಮಾರು 16.6 ಕೋಟಿ ಡಾಲರ್ ಗಳಿಕೆಯಾಯಿತು. ಎರಡನೆಯ ವಾರಾಂತ್ಯದಲ್ಲಿ ಆ ಗಳಿಕೆ ಹೆಚ್ಚುಕಡಿಮೆ ಶೇಕಡಾ 69ರಷ್ಟು ಕುಸಿಯಿತು. ಅಂದರೆ ಮೊದಲು ಓಡಿಹೋಗಿ ನೋಡಿದವರು ಹೊರಗೆ ಬಂದು ಉಳಿದವರಿಗೆ ಏನು ಹೇಳಿದರೆಂದು ಯಾರೂ ವಿವರಿಸಬೇಕಾಗಿಲ್ಲ. ಬಿಡುಗಡೆಯ ದಿನ ಥಿಯೇಟರಿನ ಬಾಗಿಲಲ್ಲೇ ಪ್ರೇಕ್ಷಕರಿಂದ ಅಂಕ ಪಡೆಯುವ ಸಿನಿಮಾಸ್ಕೋರ್ ಎಂಬ ಸಂಸ್ಥೆಗೆ ಅವರು ಕೊಟ್ಟ ದರ್ಜೆ 'ಬಿ'. ಕೇಳಲು ಪರವಾಗಿಲ್ಲ ಎನ್ನಿಸಿದರೂ, ಮೊದಲ ದಿನವೇ ಬರುವವರು ಇಷ್ಟಪಡಲೆಂದೇ ಬಂದವರು. ಅವರ 'ಬಿ' ಎಂದರೆ ಮುಖ ಸಪ್ಪಗಾಗಿದೆ ಎಂದರ್ಥ.

ಯಾಕೆ ಸಪ್ಪಗಾಯಿತು? ಸಿನಿಮಾದ ಒಂದು ದೃಶ್ಯ ಎಲ್ಲರ ಬಾಯಲ್ಲೂ ಇದೆ. ಬ್ಯಾಟ್‌ಮ್ಯಾನ್ ಸೂಪರ್‌ಮ್ಯಾನನ ಕುತ್ತಿಗೆಯ ಮೇಲೆ ಕಾಲಿಟ್ಟು, ಕ್ರಿಪ್ಟೋನೈಟಿನ ಈಟಿ ಎತ್ತಿ ನಿಂತಿದ್ದಾನೆ. ಸಾಯುತ್ತಿರುವ ಸೂಪರ್‌ಮ್ಯಾನ್ 'ಮಾರ್ಥಾ'ಳನ್ನು ಉಳಿಸು ಎನ್ನುತ್ತಾನೆ. ಮಾರ್ಥಾ ಅವನ ಸಾಕುತಾಯಿ. ಬ್ಯಾಟ್‌ಮ್ಯಾನನ ತಾಯಿಯ ಹೆಸರೂ ಮಾರ್ಥಾ. ಈಟಿ ನಿಲ್ಲುತ್ತದೆ, ವೈರ ಕರಗುತ್ತದೆ, ಒಂದೆರಡು ನಿಮಿಷದಲ್ಲಿ ಇಬ್ಬರೂ ಗೆಳೆಯರು. ಜಗತ್ತಿನಾದ್ಯಂತ ಈ ದೃಶ್ಯಕ್ಕೆ ಜನ ನಕ್ಕರು, ಇವತ್ತಿಗೂ ನಗುತ್ತಾರೆ.

ಆ ನಗುವನ್ನು ನಾನು ವಿಮರ್ಶೆ ಎಂದೇ ಓದುತ್ತೇನೆ. ದೃಶ್ಯದ ಹಿಂದಿರುವ ಆಲೋಚನೆ ಕೆಟ್ಟದ್ದಲ್ಲ. ಅನ್ಯಗ್ರಹದ ಪ್ರಾಣಿ, ಕೊಲ್ಲಲೇಬೇಕಾದದ್ದು ಎಂದುಕೊಂಡಿದ್ದವನಿಗೆ ತಟ್ಟನೆ ಇವನಿಗೂ ಒಬ್ಬ ತಾಯಿಯಿದ್ದಾಳೆ ಎಂದು ಹೊಳೆಯುತ್ತದೆ. ಗುರುತು ಸಿಕ್ಕಿ ಕೈ ತಡೆಯುವುದು ನಮ್ಮ ಕಾವ್ಯನಾಟಕಗಳಿಗೆ ಹೊಸದಲ್ಲ. ಪೂರ್ವಸಿದ್ಧತೆಯೂ ಇದೆ: ಸಿನಿಮಾದ ಆರಂಭದಲ್ಲೇ ಬ್ಯಾಟ್‌ಮ್ಯಾನನ ತಂದೆ ಸಾಯುತ್ತಾ ಅದೇ ಹೆಸರನ್ನು ಉಸುರುತ್ತಾನೆ. ಹಾಗಾದರೆ ಎಲ್ಲಿ ತಪ್ಪಿತು? ಯಾವ ಮಗ ಪ್ರಾಣ ಹೋಗುವ ಹೊತ್ತಿನಲ್ಲಿ ಅಮ್ಮನನ್ನು ಹೆಸರು ಹಿಡಿದು ಕರೆಯುತ್ತಾನೆ? ಹೆಸರುಗಳು ಹೊಂದಬೇಕಾದದ್ದು ಕಥೆ ಬರೆದವರ ಅಗತ್ಯ, ಪಾತ್ರದ ಅಗತ್ಯವಲ್ಲ. ಇನ್ನೊಂದು, ಎರಡು ವರ್ಷ ಬೆಳೆಸಿಕೊಂಡ ದ್ವೇಷ ಒಂದು ಪದಕ್ಕೆ ಕರಗಬೇಕಾದರೆ ಆ ದ್ವೇಷಕ್ಕೆ ಮೊದಲೇ ಬಿರುಕು ಬಿಟ್ಟಿರಬೇಕು. ಅದನ್ನು ಸಿನಿಮಾ ನಮಗೆ ತೋರಿಸಿರಲಿಲ್ಲ. ಪ್ರೇಕ್ಷಕರಿಗೆ ಇದನ್ನು ಹೀಗೆ ಬಿಡಿಸಿ ಹೇಳಲು ಬರದೆ ಇರಬಹುದು. ಆದರೆ ಅವರ ನಗು ಸರಿಯಾದ ಜಾಗದಲ್ಲೇ ಬಂತು.

ಪ್ರೇಕ್ಷಕರ ಇಂಥ ಸದ್ದುಗಳನ್ನು ಭರತ ಗಂಭೀರವಾಗಿಯೇ ತೆಗೆದುಕೊಂಡಿದ್ದ. ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತೇ ಒಂದು ಅಧ್ಯಾಯವಿದೆ. ಮುಗುಳುನಗೆ, ಗಟ್ಟಿ ನಗು, 'ಸಾಧು' ಎಂಬ ಮೆಚ್ಚುಗೆ, 'ಅಹೋ' ಎಂಬ ಬೆರಗು, 'ಕಷ್ಟಂ' ಎಂಬ ಮರುಕ, ರೋಮಾಂಚನ, ಎದ್ದು ನಿಲ್ಲುವುದು, ಇವೆಲ್ಲವನ್ನೂ ಅಲ್ಲಿ ಹೆಸರಿಸಲಾಗಿದೆ. ಪ್ರಯೋಗದಲ್ಲಾಗುವ ತಪ್ಪುಗಳಿಗೆ 'ಘಾತ' ಎಂಬ ಹೆಸರಿದೆ; ಅವನ್ನು ಗಮನಿಸಿ ತೀರ್ಪು ಹೇಳಲು ಪ್ರಾಶ್ನಿಕರಿದ್ದಾರೆ. ಒಳ್ಳೆಯ ಪ್ರೇಕ್ಷಕನ ಗುಣಗಳನ್ನೆಲ್ಲ ಪಟ್ಟಿ ಮಾಡಿ, ಇವೆಲ್ಲ ಒಬ್ಬನಲ್ಲೇ ಇರುವುದಿಲ್ಲ ಎಂದೂ ಭರತ ಒಪ್ಪುತ್ತಾನೆ. ತರುಣರಿಗೆ ಶೃಂಗಾರ ಬೇಕು, ಶೂರರಿಗೆ ಯುದ್ಧ ಬೇಕು, ಮುದುಕರಿಗೆ ಪುರಾಣ ಬೇಕು. ನಮ್ಮ ಪಂಡಿತರಿಗಿಂತ ಭರತ ಉದಾರಿ. ಬಂದವನು ಯಾಕೆ ಬಂದ ಎಂದು ಅವನು ಗೇಲಿ ಮಾಡಲಿಲ್ಲ.

ಇನ್ನು 'ಚಡ್ಡಿಯ ಕಥೆ'ಯ ಬಗ್ಗೆ. ಸೂಪರ್‌ಮ್ಯಾನ್ ಒಬ್ಬ ಲೇಖಕನ ಸೊತ್ತಾಗಿ ಉಳಿದು ಬಹಳ ಕಾಲವಾಯಿತು. ಎಂಟು ದಶಕಗಳಿಂದ ನೂರಾರು ಜನ ಬರೆದು, ಬಿಡಿಸಿ, ಅಭಿನಯಿಸಿದ ಪಾತ್ರ ಅದು. ಅಂಥ ಪಾತ್ರದ ಪ್ರೇಕ್ಷಕನಿಗೆ ನಮ್ಮಲ್ಲಿ ನೇರ ನೆಂಟನಿದ್ದಾನೆ: ತಾಳಮದ್ದಲೆಯ ಪ್ರೇಕ್ಷಕ. ಕರ್ಣನ ಕಥೆ ಅವನಿಗೆ ಗೊತ್ತು. ಇವತ್ತಿನ ಅರ್ಥಧಾರಿ ಕರ್ಣನ ಬಾಯಲ್ಲಿ ಏನು ಆಡಿಸುತ್ತಾನೆ, ಅದು ಕರ್ಣನಿಗೆ ಸಲ್ಲುತ್ತದೆಯೋ ಇಲ್ಲವೋ ಎಂದು ನೋಡಲು ಅವನು ಬಂದು ಕೂರುತ್ತಾನೆ. 'ಇದು ಕರ್ಣ ಆಡುವ ಮಾತಲ್ಲ' ಎಂದು ಅವನು ಎದ್ದು ಹೋದರೆ ಅದನ್ನು ನಾವು ರಸಿಕತೆ ಎನ್ನುತ್ತೇವೆ. 2013ರ 'ಮ್ಯಾನ್ ಆಫ್ ಸ್ಟೀಲ್'ನ ಕೊನೆಯಲ್ಲಿ ಸೂಪರ್‌ಮ್ಯಾನ್ ಶತ್ರುವಿನ ಕತ್ತು ಮುರಿದು ಕೊಂದಾಗ 'ಸೂಪರ್‌ಮ್ಯಾನ್ ಹೀಗೆ ಮಾಡುವವನಲ್ಲ' ಎಂದವರನ್ನು ಮಾತ್ರ ಬಾಲಿಶರು ಎನ್ನುತ್ತೇವೆ. ಸ್ವತಃ ಸೂಪರ್‌ಮ್ಯಾನ್ ಕಥೆಗಳನ್ನು ಬರೆದಿದ್ದ ಕಾಮಿಕ್ಸ್ ಲೇಖಕ ಮಾರ್ಕ್ ವೇಡ್ ಆ ಅಂತ್ಯದಿಂದ ನೊಂದು, ಸಿನಿಮಾದಲ್ಲಿ ತನಗೆ ಹಿಡಿಸಿದ್ದೇನು, ಮನಸ್ಸು ಮುರಿದದ್ದೆಲ್ಲಿ ಎಂದು ಕಾರಣ ಕೊಟ್ಟು ಬರೆದ. ನಿರಾಶೆಯ ಕೆಲಸ ಮುಗಿಯುವುದು ಹಾಗೆ.

ಮರುನಿರೂಪಣೆಯಲ್ಲಿ ಬದಲಾವಣೆಯೇ ಕೂಡದು ಎಂದು ನಾನು ಹೇಳುತ್ತಿಲ್ಲ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ಹಾಗಾದರೆ ಮುಡಿಯ ಪ್ರತಿಜ್ಞೆಯನ್ನು ಭೀಮ ಯಾಕೆ ತೀರಿಸಬೇಕು ಎಂದು ಓದುಗರು ಕೇಳಿದ್ದಾರೆ. ಈ ಪ್ರಶ್ನೆ ಪಂಪನಿಗೆ ಅಪಚಾರವಲ್ಲ. ಅದರಿಂದ ಪಂಪನ ಓದು ಬೆಳೆದಿದೆ. ಬದಲಾಯಿಸು, ಆದರೆ ಬದಲಾವಣೆಯ ಫಲವನ್ನೂ ಹೊತ್ತುಕೋ ಎಂದು ಕೇಳುವುದು ಓದುಗನ ಹಕ್ಕು. ಆದರೆ 'ನನಗೆ ಬೇಕಾದ ಪಂಪಭಾರತವನ್ನು ಬಿಡುಗಡೆ ಮಾಡು' ಎಂದು ಯಾರೂ ಅರ್ಜಿ ಹಾಕಿದಂತಿಲ್ಲ.

ಅಭಿಮಾನಿಗಳೊಂದಿಗೆ ನನ್ನ ಜಗಳ ಶುರುವಾಗುವುದು ಇಲ್ಲಿ. ಸಿನಿಮಾ ಹಿಡಿಸದೆ ಹೋದಾಗ ಅವರು ಕಾರಣ ಹುಡುಕುವ ಬದಲು ಶತ್ರುವನ್ನು ಹುಡುಕಿದರು. 2016ರಲ್ಲಿ ಆ ಶತ್ರುಗಳು ವಿಮರ್ಶಕರು. ಅವರೆಲ್ಲ ಮಾರ್ವೆಲ್ ಕಂಪನಿಯ ಒಡೆಯ ಡಿಸ್ನಿಯಿಂದ ದುಡ್ಡು ತಿಂದಿದ್ದಾರೆ ಎಂಬ ಮಾತು ಪುರಾವೆಯಿಲ್ಲದೆ ಹಬ್ಬಿತು. ಅದೇ ಆಗಸ್ಟಿನಲ್ಲಿ 'ಸುಸೈಡ್ ಸ್ಕ್ವಾಡ್' ಬಂದಾಗ, ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ತಾಣವನ್ನೇ ಮುಚ್ಚಿಸಬೇಕೆಂದು ಒಂದು ಅರ್ಜಿ ಹುಟ್ಟಿ ಸಾವಿರಾರು ಸಹಿಗಳನ್ನು ಪಡೆಯಿತು. ತಮಾಷೆಯೆಂದರೆ ಆ ತಾಣದಲ್ಲಿ ವಾರ್ನರ್ ಬ್ರದರ್ಸ್‌ಗೇ ಪಾಲಿತ್ತು. ಅಲ್ಲಿನ ಶೇಕಡಾವಾರು ಅಂಕ ಸಿನಿಮಾದ ಗುಣದ ಅಳತೆಯೂ ಅಲ್ಲ. ನೂರು ವಿಮರ್ಶೆಗಳಲ್ಲಿ ಎಷ್ಟು ಪರವಾಗಿವೆ ಎಂಬ ಲೆಕ್ಕ ಅಷ್ಟೆ. ಒಂದೇ ಒಂದು ವಿಮರ್ಶೆಯನ್ನು ಪೂರ್ತಿ ಓದಿದ್ದರೆ ಜಗಳಕ್ಕೆ ಒಳ್ಳೆಯ ವಸ್ತುವಾದರೂ ಸಿಗುತ್ತಿತ್ತು. ಅವರು ಸಂಖ್ಯೆಯ ಜೊತೆ ಜಗಳಕ್ಕಿಳಿದರು.

2019ರ ಫೆಬ್ರವರಿಯಲ್ಲಿ ಇದು ಇನ್ನೊಂದು ಮಜಲು ಮುಟ್ಟಿತು. 'ಕ್ಯಾಪ್ಟನ್ ಮಾರ್ವೆಲ್' ಬಿಡುಗಡೆಯಾಗುವ ಮೊದಲೇ ಅದರ ಬಗ್ಗೆ ತಿರಸ್ಕಾರದ ಟಿಪ್ಪಣಿಗಳು ರಾಶಿ ಬಿದ್ದವು. ಕೊನೆಗೆ ರಾಟನ್ ಟೊಮ್ಯಾಟೋಸ್ ಬಿಡುಗಡೆಗೆ ಮುಂಚಿನ ಪ್ರೇಕ್ಷಕ ಟಿಪ್ಪಣಿಗಳ ಸೌಲಭ್ಯವನ್ನೇ ತೆಗೆದುಹಾಕಿತು. ನಾಯಕಿ ಹೆಂಗಸು ಎಂಬುದೇ ಹಲವರ ತಕರಾರಾಗಿತ್ತು. ನೋಡದೆಯೇ ನಿರಾಶರಾದವರನ್ನು ನಾನು ಪ್ರೇಕ್ಷಕರೆಂದು ಕರೆಯಲಾರೆ. ನಿರಾಶೆಗೆ ಮೊದಲು ಆಶೆ ಇರಬೇಕು. ಆಶೆಯಿದ್ದವನು ಟಿಕೆಟ್ ತೆಗೆದುಕೊಂಡು ಒಳಗೆ ಹೋಗುತ್ತಾನೆ.

'ಜಸ್ಟಿಸ್ ಲೀಗ್' ಪ್ರಕರಣ ಇದಕ್ಕಿಂತ ಜಟಿಲ, ಮತ್ತು ಅಭಿಮಾನಿಗಳು ನನ್ನ ಮುಖಕ್ಕೆ ಹಿಡಿಯುವ ಉದಾಹರಣೆಯೂ ಅದೇ. 2017ರ ಮೇ ತಿಂಗಳಲ್ಲಿ ಮಗಳ ಸಾವಿನ ದುಃಖದಲ್ಲಿದ್ದ ಸ್ನೈಡರ್ ಹಿಂದೆ ಸರಿದ. ಜಾಸ್ ವೀಡನ್ ದೊಡ್ಡ ಭಾಗಗಳನ್ನು ಮತ್ತೆ ಚಿತ್ರಿಸಿ, ಎರಡು ಗಂಟೆಗೆ ಇಳಿಸಿ, ನವೆಂಬರಿನಲ್ಲಿ ಬಿಡುಗಡೆಗೆ ಕೊಟ್ಟ. ಇನ್ನೊಂದು ಸಿನಿಮಾಕ್ಕಾಗಿ ಮೀಸೆ ಬೆಳೆಸಿದ್ದ ಹೆನ್ರಿ ಕ್ಯಾವಿಲ್‌ನ ಮೇಲ್ದುಟಿಯನ್ನು ಕಂಪ್ಯೂಟರಿನಲ್ಲಿ ಬೋಳಿಸಿದ್ದು ಪರದೆಯ ಮೇಲೆ ಎದ್ದು ಕಾಣುತ್ತಿತ್ತು. ವೀರರೆಲ್ಲ ಒಟ್ಟುಗೂಡಿದ ಈ ಸಿನಿಮಾ ಜಗತ್ತಿನಾದ್ಯಂತ ಗಳಿಸಿದ್ದು ಸೂಪರ್‌ಮ್ಯಾನ್ ಒಬ್ಬನೇ ಇದ್ದ 'ಮ್ಯಾನ್ ಆಫ್ ಸ್ಟೀಲ್' ಗಳಿಸಿದ್ದಕ್ಕಿಂತ ಕಡಿಮೆ. ಆಗ ಹುಟ್ಟಿದ್ದು 'ಸ್ನೈಡರ್ ಕಟ್ ಬಿಡುಗಡೆ ಮಾಡಿ' ಎಂಬ ಚಳವಳಿ. 2021ರ ಮಾರ್ಚ್ 18ರಂದು ನಾಲ್ಕು ಗಂಟೆಗಳ ಆವೃತ್ತಿ ಬಂದೇ ಬಂತು. ಅದು ಹಳೆಯದಕ್ಕಿಂತ ಉತ್ತಮ ಸಿನಿಮಾ. 2017ರಲ್ಲಿ ಕತ್ತರಿಸಿಹೋಗಿದ್ದ ಸೈಬಾರ್ಗ್‌ನ ಕಥೆಗೆ ಅಲ್ಲಿ ಜೀವ ಬಂದಿದೆ. ಚಳವಳಿಯವರು ಆತ್ಮಹತ್ಯೆ ತಡೆಯುವ ಸಂಸ್ಥೆಯೊಂದಕ್ಕೆ ಲಕ್ಷಾಂತರ ಡಾಲರ್ ಕೂಡಿಸಿಕೊಟ್ಟದ್ದೂ ನಿಜ. ಇದನ್ನೆಲ್ಲ ಒಪ್ಪದೆ ಅವರನ್ನು ಬೈಯುವುದು ಅನ್ಯಾಯ.

ಆದರೂ ಕೇಳಬೇಕು: ಗೆದ್ದವರು ಯಾರು? ಆವೃತ್ತಿಯ ಘೋಷಣೆಯಾದದ್ದು 2020ರ ಮೇ ತಿಂಗಳಲ್ಲಿ. ಥಿಯೇಟರುಗಳು ಮುಚ್ಚಿದ್ದವು, ವಾರ್ನರ್‌ನ ಹೊಸ ಎಚ್‌ಬಿಒ ಮ್ಯಾಕ್ಸ್ ಅದೇ ತಿಂಗಳ ಕೊನೆಗೆ ಬಾಗಿಲು ತೆರೆಯಲಿತ್ತು, ಚಂದಾದಾರರು ಬೇಕಾಗಿದ್ದರು. 2017ರಲ್ಲಿ ಕೆಟ್ಟ ಸಿನಿಮಾಕ್ಕೆ ಟಿಕೆಟ್ ಮಾರಿದ ಕಂಪನಿ, ಅದರಿಂದ ಹುಟ್ಟಿದ ನಿರಾಶೆಗೆ ನಾಲ್ಕು ವರ್ಷದ ನಂತರ ಚಂದಾ ಮಾರಿತು. ಎಚ್‌ಬಿಒ ಮ್ಯಾಕ್ಸ್ ಇಲ್ಲದ ಭಾರತದಲ್ಲಿ ನಮ್ಮವರು ಬೇರೆ ವೇದಿಕೆಗಳಲ್ಲಿ ಅದಕ್ಕೆ ಮತ್ತೆ ದುಡ್ಡು ತೆತ್ತರು. ಅತ್ತ ಚಳವಳಿಯ ಗದ್ದಲದಲ್ಲಿ ಪಾಲ್ಗೊಂಡ ಖಾತೆಗಳಲ್ಲಿ ಕನಿಷ್ಠ ಶೇಕಡಾ 13 ನಕಲಿ ಎಂದು ವಾರ್ನರ್‌ಮೀಡಿಯಾ ತಾನೇ ಮಾಡಿಸಿದ ಅಧ್ಯಯನ ಕಂಡುಕೊಂಡದ್ದನ್ನು ರೋಲಿಂಗ್ ಸ್ಟೋನ್ ಪತ್ರಿಕೆ 2022ರಲ್ಲಿ ಪ್ರಕಟಿಸಿತು. ಉಳಿದವರು ನಿಜವಾದ ಮನುಷ್ಯರೇ ಇರಬಹುದು. ನನ್ನ ಚಿಂತೆ ಅವರ ಬಗ್ಗೆಯೇ. ಮನುಷ್ಯರ ಮಾತು ಯಂತ್ರದ ಮಾತಿನ ಜೊತೆ ಅಷ್ಟು ಸಲೀಸಾಗಿ ಬೆರೆಯಿತು ಎಂದರೆ, ಅದು ಆ ಹೊತ್ತಿಗಾಗಲೇ ಒಂದು ಘೋಷಣೆಯಷ್ಟೇ ಆಗಿ ಉಳಿದಿತ್ತು. ಬೇಡಿಕೆ ಈಡೇರಿದ ಮೇಲೆ ಚಳವಳಿ ನಿಂತಿತೇ? ಇಲ್ಲ. ಮುಂದಿನ ಸಿನಿಮಾಗಳೂ ಬೇಕು ಎಂಬ ಹೊಸ ಘೋಷಣೆ ಹುಟ್ಟಿತು. ಪರಿಹಾರ ಕೇಳುವ ಗಿರಾಕಿಗೆ ತೃಪ್ತಿಯೆಂಬುದಿಲ್ಲ. ಅವನ ತಕರಾರು ಕಂಪನಿಗೆ ಮುಂದಿನ ಸರಕಿನ ಮಾರುಕಟ್ಟೆ ಸಮೀಕ್ಷೆ.

ಇದೆಲ್ಲ ಅಮೆರಿಕದ ಮಾತು, ನಮಗೇನು ಎನ್ನಬಹುದು. ನಾನು ಈ ಸಿನಿಮಾಗಳ ಬಗ್ಗೆ ಕನ್ನಡದಲ್ಲಿ ಮಾತಾಡುವ ವಿದ್ಯಾರ್ಥಿಗಳ ನಡುವೆ ಇದ್ದೇನೆ. ನಿರಾಶೆಗೆ ಅವರ ಬಳಿ ಇರುವ ಪದಗಳು ನಾಲ್ಕೈದು: 'ವೇಸ್ಟ್', 'ಫ್ಲಾಪ್', 'ಲ್ಯಾಗ್', ಹತ್ತರಲ್ಲಿ ಎರಡು, ಇಲ್ಲವೇ ಬಾಕ್ಸಾಫೀಸಿನ ಲೆಕ್ಕ. ಕಾಲೇಜು ಹುಡುಗನೊಬ್ಬ ತನ್ನದಲ್ಲದ ಕಂಪನಿಯ ಎರಡನೇ ವಾರದ ಗಳಿಕೆಯನ್ನು ಷೇರುದಾರನ ಹಾಗೆ ಒಪ್ಪಿಸುತ್ತಾನೆ; ಯಾವ ದೃಶ್ಯದಲ್ಲಿ ಮನಸ್ಸು ಮುರಿಯಿತು ಎಂದು ಕೇಳಿದರೆ ತಡವರಿಸುತ್ತಾನೆ. ತಪ್ಪು ಅವನದೊಂದೇ ಅಲ್ಲ. ಅವನು ಪ್ರೀತಿಸುವ ಕಥೆಗಳ ಬಗ್ಗೆ ಮಾತಾಡಲು ನಾವು ತರಗತಿಯಲ್ಲಿ ಜಾಗ ಕೊಟ್ಟಿಲ್ಲ. ರಸ, ಔಚಿತ್ಯ, ಘಾತ ಎಂಬ ಪದಗಳನ್ನು ಪರೀಕ್ಷೆಗೆ ಮೀಸಲಿಟ್ಟೆವು. ಮಾರ್ಥಾ ದೃಶ್ಯದಲ್ಲಿ ಔಚಿತ್ಯ ಯಾಕೆ ಕೆಟ್ಟಿತು ಎಂದು ಒಂದು ಪುಟ ಬರೆಯಬಲ್ಲವನು ನಾಳೆ ಕಾದಂಬರಿಯಲ್ಲೂ ಅದನ್ನು ಹಿಡಿಯುತ್ತಾನೆ, ರಾಜಕಾರಣಿಯ ಭಾಷಣದಲ್ಲೂ ಹಿಡಿಯುತ್ತಾನೆ. ಕಾರಣ ಕೊಡದೆ ಬೈಯಲು, ಕಾರಣ ಕೇಳದೆ ಜೈ ಎನ್ನಲು ಕಲಿತವನನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು.

ಆದ್ದರಿಂದ ಮುಂದಿನ ದೊಡ್ಡ ಸಿನಿಮಾ ನಿಮ್ಮನ್ನು ನಿರಾಶೆಗೊಳಿಸಿದಾಗ ಅಂಕ ಕೊಡುವ ಮೊದಲು, ಅರ್ಜಿಗೆ ಸಹಿ ಹಾಕುವ ಮೊದಲು, ಒಂದು ಪುಟ ಬರೆಯಿರಿ. ಏನನ್ನು ಬಯಸಿ ಹೋಗಿದ್ದಿರಿ, ಅದು ಎಲ್ಲಿಯವರೆಗೆ ಉಳಿದಿತ್ತು, ಯಾವ ದೃಶ್ಯದಲ್ಲಿ ಹೋಯಿತು ಎಂದು ಬರೆಯಿರಿ. ಪಕ್ಕದ ಸೀಟಿನವನಿಗೆ ಅದೇ ದೃಶ್ಯ ಹಿಡಿಸಿದ್ದರೆ ಅವನ ಪುಟವನ್ನೂ ಓದಿ. ನಗುವ ಮೇಷ್ಟರು ಸಿಕ್ಕರೆ ಎರಡನ್ನೂ ಅವರ ಕೈಗೆ ಕೊಡಿ.