ಕೋಳಿಗೆ ಲೆಕ್ಕ, ಕೂಸಿಗೆ ಹಣೆಬರಹವೆ?

ತನ್ನ ಕೋಳಿ ಕೂಗಿದರೇನೆ ಊರಿಗೆ ಬೆಳಗಾಗುವುದೆಂದು ನಂಬಿದ್ದ ಮುದುಕಿಯ ಕಥೆಯನ್ನು ಬಾಲ್ಯದಲ್ಲಿ ಕೇಳಿ ನಗದವರಾರು? ಆದರೆ ವೈದ್ಯಶಾಸ್ತ್ರದ ಇತಿಹಾಸವನ್ನು ಓದಿದರೆ ಆ ಮುದುಕಿಯ ಮಾತಿನಲ್ಲಿಯೂ ಕೊಂಚ ಸತ್ಯವಿದೆಯೆನಿಸುತ್ತದೆ. ಮಕ್ಕಳ ಪ್ರಾಣವನ್ನುಳಿಸಿದ ಎಷ್ಟೋ ತಿಳಿವು ಮೊದಲು ಬೆಳಗಿದುದು ಕೋಳಿಗೂಡಿನಲ್ಲಿಯೇ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಈ ವಿಷಯವು ಎಲ್ಲರ ಮನೆಯ ಅಡಿಗೆಯ ಕೋಣೆಗೆ ಸೇರಿದುದಾದ್ದರಿಂದ ಎರಡು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡಿರುವ ಅಕ್ಕಿ ತಿಂದಾಗ ಚೇತರಿಸಿಕೊಳ್ಳುವುದನ್ನೂ ಕಂಡರು. ದೊಡ್ಡವರನ್ನೂ ಎದೆಹಾಲು ಕುಡಿಯುವ ಕೂಸುಗಳನ್ನೂ ಕೊಲ್ಲುತ್ತಿದ್ದ ಬೆರಿಬೆರಿಯ ಗುಟ್ಟು ಒಡೆದುದು ಹೀಗೆ. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕೋಪನ್‌ಹೇಗನ್ನಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಆಹಾರದಿಂದ ಸಾಕಿದ ಕೋಳಿಮರಿಗಳಲ್ಲಿ ರಕ್ತಸ್ರಾವವನ್ನು ಕಂಡು, ಅದನ್ನು ತಡೆಯುವ ಸತ್ವವನ್ನು 1935ರಲ್ಲಿ ‘ಕೆ’ ಎಂದು ಕರೆದರು. ಇಂದು ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಚುಚ್ಚುವ ‘ಕೆ’ ಜೀವಸತ್ವದ ಸೂಜಿ, ನವಜಾತ ಶಿಶುಗಳಿಗೆ ಅಪರೂಪವಾಗಿ ಬಂದರೂ ಪ್ರಾಣವನ್ನೇ ಒಯ್ಯುವ ರಕ್ತಸ್ರಾವದಿಂದ ಅವನ್ನು ಕಾಯುತ್ತಿದೆ.

ಮೂರನೆಯ ಪಾಠ ನಮಗೆ ಇನ್ನೂ ಹತ್ತಿರದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿನ ಬೂಷ್ಟು. ಅದರ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಈ ವಿಷ ಕೋಳಿಗಷ್ಟೇ ನಿಲ್ಲಲಿಲ್ಲ. ಪುಷ್ಟಿಗೆಂದು ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿಯೇ ಅದು ಸೇರಿ, ಪೌಷ್ಟಿಕತೆಯಿಲ್ಲದೆ ಸೊರಗಿದ್ದ ಮಕ್ಕಳ ಯಕೃತ್ತು ಕೆಟ್ಟುದನ್ನು 1971ರಲ್ಲಿ ನಮ್ಮ ಮೈಸೂರಿನ ವೈದ್ಯರೂ ಆಹಾರವಿಜ್ಞಾನಿಗಳೂ ಸೇರಿ ಪ್ರಕಟಿಸಿದರು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಬಡಜನ ಸತ್ತರು.

ಈಗ ನನ್ನ ಊರಿನ ಮಾತು. ಊರ ಹೊರಗೆ ಒಂದು ಕೋಳಿ ಫಾರಂ ಇದೆ. ರಜೆಯಲ್ಲಿ ನಾನು ಅಲ್ಲಿ ಮೂಟೆ ಹೊತ್ತಿದ್ದೇನೆ. ಒಂದೇ ದಿನ ಹತ್ತು ಕೋಳಿ ಸತ್ತರೆ ಸಾಕು, ಡಾಕ್ಟರು ಬರುತ್ತಾರೆ, ಮೇವಿನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದೇ ಊರಿನ ಮನೆಗಳಲ್ಲಿ ಒಳ್ಳೆಯ ಕಡಲೆಕಾಯಿ ಮಂಡಿಗೆ ಹೋಗುತ್ತದೆ. ಮಳೆಗೆ ನೆಂದು ಮುಗ್ಗಿದ್ದು ಮನೆಯಲ್ಲಿ ಉಳಿಯುತ್ತದೆ. ಕೂಸಿಗೆ ಹೊಟ್ಟೆ ಊದಿ ಕಣ್ಣು ಹಳದಿಯಾದರೆ ದೃಷ್ಟಿ ತೆಗೆಯುತ್ತಾರೆ, ಕಡೆಗೆ ‘ಹಣೆಬರಹ’ ಎಂದು ಕೈಚೆಲ್ಲುತ್ತಾರೆ. ಫಾರಂ ಯಜಮಾನನನ್ನು ನಾನು ದೂರುವುದಿಲ್ಲ. ಅವನಿಗೆ ಲೆಕ್ಕದ ಪುಸ್ತಕವಿದೆ. ನಷ್ಟಕ್ಕೆ ಕಾರಣ ಬೇಕೇ ಬೇಕು. ಕೂಸಿನ ವಿಷಯದಲ್ಲಿ ನಾವು ಕಾರಣವನ್ನೇ ಕೇಳುವುದಿಲ್ಲವಲ್ಲ ಎಂಬುದೇ ನನ್ನ ವ್ಯಥೆ.

‘ನಾವೆಲ್ಲ ಅದನ್ನೇ ತಿಂದು ಬದುಕಲಿಲ್ಲವೆ?’ ಎಂದು ಹಿರಿಯರು ಕೇಳಬಹುದು. ಬದುಕಿದವರು ಮಾತ್ರ ಹಾಗೆ ಕೇಳಬಲ್ಲರು. ಈ ವಿಷ ತೊಳೆದರೆ ಹೋಗದು, ಹುರಿದರೆ ಪೂರ್ತಿ ಸಾಯದು. ಹಸುವಿಗೆ ಹಾಕಿದರೆ ಹಾಲಿಗೂ ಇಳಿಯುತ್ತದೆ. ಕಾರಣ ಕೇಳಿದರೆ ಫಲ ಸಿಗುವುದೆಂಬುದಕ್ಕೂ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಒಂದರಿಂದ ಮೂರು ವರ್ಷದ ಮಕ್ಕಳ ಯಕೃತ್ತನ್ನು ಕಲ್ಲಾಗಿಸುತ್ತಿದ್ದ ರೋಗವೊಂದನ್ನು ಬಹುಕಾಲ ಮನೆತನದ ಶಾಪವೆಂದೇ ತಿಳಿದಿದ್ದರು. ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೆ ಸೇರುವ ತಾಮ್ರದತ್ತ 1980ರ ದಶಕದಲ್ಲಿ ಪುಣೆಯ ಕಡೆಯ ಸಂಶೋಧನೆ ಬೆರಳು ತೋರಿತು. ಆ ಪಾತ್ರೆಗಳು ಬಳಕೆ ತಪ್ಪಿದಂತೆ ರೋಗವೂ ಅಪರೂಪವಾಯಿತು.

ಆದ್ದರಿಂದ ಓದು ಬಲ್ಲ ನಮ್ಮಂಥವರು ಮನೆಯಲ್ಲಿ ಬಾಯಿ ಬಿಡಬೇಕು. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಕಾಯಿ ಒಣಗಲಿ. ಬೂಷ್ಟು ಹಿಡಿದದ್ದು ಕೂಸಿಗೂ ಬೇಡ, ಕೋಳಿಗೂ ಬೇಡ. ಸೀಮೆಎಣ್ಣೆ, ಕೀಟನಾಶಕಗಳನ್ನು ಪಾನಕದ ಬಾಟಲಿಯಲ್ಲಿಡುವ ರೂಢಿ ನಿಲ್ಲಲಿ. ಮಗು ಅದನ್ನು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಸೀಮೆಎಣ್ಣೆ ಶ್ವಾಸಕೋಶಕ್ಕಿಳಿದರೆ ಅಪಾಯ ಇಮ್ಮಡಿ. ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇನ್ನು ಸರಕಾರದ ಪಾಲಿನದು: ಕೋಳಿಯ ಮೇವಿನ ಮೂಟೆಗೆ ಆಗುವ ಪರೀಕ್ಷೆ ಅಂಗನವಾಡಿಯ ಪ್ರತಿಯೊಂದು ಮೂಟೆಗೂ ತಪ್ಪದೆ ಆಗಲಿ, ಅದರ ಫಲಿತಾಂಶವನ್ನು ಅಲ್ಲಿಯ ಗೋಡೆಗೆ ಅಂಟಿಸಲಿ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿ ಪಡೆದು ಊರಿಗೆ ಹೋದಾಗ ಇದಿಷ್ಟನ್ನು ನನ್ನ ತಾಯಿಗೂ ನೆರೆಯ ತಾಯಂದಿರಿಗೂ ತಿಳಿಯುವ ಮಾತಿನಲ್ಲಿ ಹೇಳಲಾರದೆ ಹೋದರೆ ಆ ಪದವಿಯ ಬೆಲೆ ಬರಿಯ ಕಾಗದದ್ದು. ಸಹಪಾಠಿ ಮಿತ್ರರೂ ತಮ್ಮ ತಮ್ಮ ಊರುಗಳಲ್ಲಿ ಇದನ್ನೇ ಮಾಡಬೇಕೆಂದು ನನ್ನ ಅರಿಕೆ.