ಮೂರನೇ ಬಾಟಲಿ ಕೇಳುವ ಮುನ್ನ

"ಭಟ್ರೇ, ಆ ಬಾಯಿ ಮುಕ್ಕಳಿಸೋ ಔಷಧಿ ಇನ್ನೊಂದು ಕೊಡಿ." ಸಾಗರದ ನನ್ನ ಔಷಧಿ ಅಂಗಡಿಗೆ ಹೀಗೆ ಕೇಳಿಕೊಂಡು ಬರುವವರು ಬಹಳ. ಚೀಟಿ ತೋರಿಸಿ ಎಂದರೆ ಹೋದ ವರ್ಷದ್ದು ಹೊರಬರುತ್ತದೆ. ವಸಡಿನಲ್ಲಿ ರಕ್ತ ಬರುತ್ತಿತ್ತು. ದಂತವೈದ್ಯರು ಡೀಪ್ ಕ್ಲೀನಿಂಗ್ ಆಗಬೇಕೆಂದು ಹೇಳಿ, ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದಿದ್ದರು. ಇವರು ಕ್ಲೀನಿಂಗ್ ಕೈಬಿಟ್ಟು ಬಾಟಲಿ ಹಿಡಿದುಕೊಂಡಿದ್ದಾರೆ.

ಖರ್ಚಿನ ಮಾತು ನನಗೆ ಅರ್ಥವಾಗುತ್ತದೆ. ಆದರೆ ಹೆಚ್ಚಿನವರನ್ನು ತಡೆಯುವುದು ಹೆದರಿಕೆ: ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದಂತೆ, ಸಂದಿ ಬೀಳುತ್ತದಂತೆ. ಸಂದಿ ಕಾಣುವುದು ನಿಜ. ಬಾತುಕೊಂಡ ವಸಡು ಇಳಿದು, ಗಟ್ಟಿ ಪಾಚಿ ಹೋದ ಮೇಲೆ ಅಲ್ಲಿ ಮೊದಲೇ ಆಗಿದ್ದ ನಷ್ಟ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಇನ್ನು ಆ ಕ್ಲೋರ್‌ಹೆಕ್ಸಿಡಿನ್ ಔಷಧಿಗೆ ಹೆಸರು ಬಂದದ್ದು 1970ರಲ್ಲಿ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿ, ವಿದ್ಯಾರ್ಥಿಗಳಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿ, 0.2 ಶೇಕಡಾ ದ್ರಾವಣದಲ್ಲಿ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿಸಿದರು. ಹಲ್ಲಿನ ಮೇಲೆ ಪಾಚಿ ಕಟ್ಟಲಿಲ್ಲ. ಆದರೆ ಆ ಹುಡುಗರ ಹಲ್ಲನ್ನು ಮೊದಲೇ ಚೊಕ್ಕ ಮಾಡಲಾಗಿತ್ತು ಎಂಬುದನ್ನು ನಮ್ಮ ಗಿರಾಕಿಗಳಿಗೆ ಯಾರೂ ಹೇಳುವುದಿಲ್ಲ. ಹೊಸ ಪಾಚಿ ಕೂರದಂತೆ ಅದು ತಡೆಯುತ್ತದೆ. ಬೇರಿಗೆ ಅಂಟಿ ಕಲ್ಲಾದದ್ದನ್ನು ಕರಗಿಸುವುದಿಲ್ಲ. ಹಲ್ಲು ಮತ್ತು ವಸಡಿನ ನಡುವಿನ ಗುಳಿ ನಾಲ್ಕೈದು ಮಿಲಿಮೀಟರ್ ಆಳವಾದರಂತೂ ಮುಕ್ಕಳಿಸಿದ ನೀರು ತಳ ಮುಟ್ಟುವುದೇ ಇಲ್ಲ. ಅಲ್ಲಿಗೆ ವೈದ್ಯರ ಉಪಕರಣವೇ ಇಳಿಯಬೇಕು. ಕ್ಲೀನಿಂಗ್ ಆದ ಮೇಲೆ, ವಸಡು ನೋಯುತ್ತ ಬ್ರಷ್ ಆಡಿಸಲಾಗದ ದಿನಗಳಲ್ಲಿ, ಮೌತ್‌ವಾಶ್ ಒಳ್ಳೆಯ ಆಳು. ಗುಳಿ ಕಡಿಮೆಯಾಗುವುದರಲ್ಲಿ ಅದರ ಹೆಚ್ಚುವರಿ ಪಾಲು ಒಂದು ಮಿಲಿಮೀಟರಿನ ಸಣ್ಣ ಅಂಶ ಮಾತ್ರ.

ಲೆಕ್ಕ ಸುಲಭ. ಒಂದು ಸಲಕ್ಕೆ 10 ಮಿ.ಲೀ., ದಿನಕ್ಕೆರಡು ಸಲ ಎಂದರೆ 150 ಮಿ.ಲೀ. ಬಾಟಲಿ ಒಂದು ವಾರಕ್ಕೆ. ಸಾಮಾನ್ಯವಾಗಿ ಎರಡು ವಾರಕ್ಕೆ ಬರೆಯುತ್ತಾರೆ, ಎರಡು ಬಾಟಲಿಗೆ ಮುಗಿಯಿತು. ಮುಂದುವರಿಸಿದರೆ ಹಲ್ಲು ಕಂದಾಗುತ್ತದೆ, ಊಟದ ರುಚಿ ಕೆಡುತ್ತದೆ. ಚಹಾ ಕಾಫಿ ಕುಡಿಯುವವರಿಗೆ ಕಲೆ ಇನ್ನೂ ಬೇಗ. (ಕವಳ ಹಾಕುವ ನಮ್ಮೂರಿನಲ್ಲಿ ಯಾವ ಕಲೆ ಯಾವುದರದ್ದೆಂದು ಹೇಳುವುದೂ ಕಷ್ಟ!) ಹಲ್ಲುಜ್ಜಿದ ತಕ್ಷಣ ಮುಕ್ಕಳಿಸಬಾರದು, ಪೇಸ್ಟಿನ ನೊರೆ ಔಷಧಿಯ ಬಲ ಕುಂದಿಸುತ್ತದೆ. ಅರ್ಧ ಗಂಟೆ ಬಿಡಿ.

ದಂತವೈದ್ಯರಲ್ಲಿ ನನ್ನದೊಂದು ಕೋರಿಕೆ: ಚೀಟಿಯಲ್ಲಿ ಮೌತ್‌ವಾಶ್ ನಿಲ್ಲಿಸುವ ತಾರೀಖನ್ನೂ ಬರೆಯಿರಿ, ಕ್ಲೀನಿಂಗ್ ದಿನವನ್ನು ಅದಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯಿರಿ. ನಾವು ಅಂಗಡಿಯವರು ಮೂರನೇ ಬಾಟಲಿ ಕೊಡುವ ಮೊದಲು ಕ್ಲೀನಿಂಗ್ ಆಯಿತೇ ಎಂದು ಕೇಳೋಣ. ವ್ಯಾಪಾರ ಒಂದಿಷ್ಟು ಕಡಿಮೆಯಾದರೂ ಅಡ್ಡಿಯಿಲ್ಲ.