ಹೆಸರು ಹೇಳದ ತಂದೆ, ನಂಬದ ತಂದೆ

ರಾಜ್‌ಕುಮಾರ್ ತಂದೆಯಾಗಿಯೂ ಮಗನಾಗಿಯೂ ನಟಿಸಿದ ‘ಬಭ್ರುವಾಹನ’ (1977) ಚಿತ್ರ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆ ಕಥೆಯನ್ನು ‘ಜೈಮಿನಿ ಭಾರತ’ದಲ್ಲಿ ಹಾಡಿದ ಕವಿ ಲಕ್ಷ್ಮೀಶ ನಮಗೆ ದೂರದವನೇನಲ್ಲ. ಅರಸೀಕೆರೆ ದಾಟಿದರೆ ಸಿಗುವ ಕಡೂರು ತಾಲ್ಲೂಕಿನ ದೇವನೂರಿನವನು.

ಇದೇ ನೋವಿನ ಇನ್ನೊಂದು ಕಥೆ ಪಾರಸಿಯಲ್ಲಿದೆ. ಕವಿ ಫಿರ್ದೌಸಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ಸುಮಾರು 1010ರಲ್ಲಿ ಮುಗಿಸಿದ ‘ಶಾಹ್‌ನಾಮೆ’ಯಲ್ಲಿ ಬರುವ ರುಸ್ತುಂ ಮತ್ತು ಸೊಹ್ರಾಬರ ಕಥೆ ಅದು. ಮಗ ಹುಟ್ಟುವ ಮೊದಲೇ ರುಸ್ತುಂ ಹೊರಟುಹೋಗಿರುತ್ತಾನೆ. ಮುಂದೆ ಇಬ್ಬರೂ ಯುದ್ಧಭೂಮಿಯಲ್ಲಿ ಎದುರಾಗುತ್ತಾರೆ. ‘ನೀವು ರುಸ್ತುಂ ಅಲ್ಲವೇ?’ ಎಂದು ಮಗ ಕೇಳಿದರೂ ತಂದೆ ಅಲ್ಲವೆನ್ನುತ್ತಾನೆ. ಮಗನನ್ನು ಇರಿದ ಮೇಲೆ, ಅವನ ತೋಳಿನಲ್ಲಿ ತಾನೇ ಬಿಟ್ಟುಹೋಗಿದ್ದ ಗುರುತು ಕಾಣುತ್ತದೆ. ಉಳಿಸುವ ಮದ್ದು ದೊರೆ ಕೈಕಾವೂಸನಲ್ಲಿತ್ತು. ತಂದೆ ಮಗ ಒಂದಾದರೆ ತನ್ನ ಗದ್ದುಗೆಗೆ ಅಪಾಯವೆಂದು ಅವನು ಕೊಡಲಿಲ್ಲ. ತಡವಾಗಿ ಬಂದ ನೆರವನ್ನು ಇರಾನಿನವರು ಇಂದಿಗೂ ‘ಸೊಹ್ರಾಬ್ ಸತ್ತ ಮೇಲೆ ಬಂದ ಮದ್ದು’ ಎನ್ನುತ್ತಾರೆ.

ಬಭ್ರುವಾಹನ ಹಾಗಲ್ಲ. ಯಾಗದ ಕುದುರೆಯನ್ನು ಒಪ್ಪಿಸಿ, ‘ನಾನು ನಿಮ್ಮ ಮಗ’ ಎಂದು ತಾನೇ ಬಂದು ತಲೆಬಾಗುತ್ತಾನೆ. ಅರ್ಜುನ ನಂಬದೆ ಹೀಯಾಳಿಸುತ್ತಾನೆ, ಯುದ್ಧವಾಗುತ್ತದೆ. ಇಲ್ಲಿ ಸಾಯುವವನು ತಂದೆ. ಆದರೆ ನಾಗಲೋಕದ ಮಣಿ ಬರುತ್ತದೆ, ಕೃಷ್ಣ ಬರುತ್ತಾನೆ, ಅರ್ಜುನ ಎದ್ದು ಕೂರುತ್ತಾನೆ.

‘ಪಾರಸಿ ಕಾವ್ಯ ನಮಗೇಕೆ?’ ಎನ್ನುವವರಿದ್ದಾರೆ, ‘ಜೈಮಿನಿ ಭಾರತ ನಮಗೇಕೆ?’ ಎನ್ನುವವರೂ ಇದ್ದಾರೆ. ಗರಡಿಮನೆಯ ಜಟ್ಟಿಯನ್ನು ನಾವೆಲ್ಲ ‘ಪೈಲ್ವಾನ’ ಎನ್ನುತ್ತೇವೆ. ಶಾಹ್‌ನಾಮೆ ರುಸ್ತುಮನನ್ನು ಕರೆಯುವುದೂ ಅದೇ ಪದದಿಂದ. ಫಿರ್ದೌಸಿ ಮುಸ್ಲಿಮನಾಗಿದ್ದೂ ಹಾಡಿದ್ದು ಇಸ್ಲಾಮಿಗಿಂತ ಹಿಂದಿನ ಇರಾನಿನ ರಾಜರನ್ನು, ವೀರರನ್ನು. ಅವರು ತನ್ನವರಲ್ಲವೆಂದು ಅವನು ಬಿಡಲಿಲ್ಲ. ನಾವೇಕೆ ಬಿಡಬೇಕು?

ಎರಡೂ ಕಥೆಗಳನ್ನು ಒಟ್ಟಿಗೆ ಓದಿದಾಗ ನನಗೆ ಕಂಡದ್ದು ನಮ್ಮ ಮನೆಗಳೇ. ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂಬ ಮಾತಿಗೇ ತಿಂಗಳುಗಟ್ಟಲೆ ಮಾತು ಬಿಟ್ಟ ತಂದೆ ಮಕ್ಕಳು ನಮ್ಮ ನಡುವೆ ಇದ್ದಾರೆ. ಒಬ್ಬರು ಹೇಳುವುದಿಲ್ಲ, ಇನ್ನೊಬ್ಬರು ನಂಬುವುದಿಲ್ಲ. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟರೆ ಒಳ್ಳೆಯ ಕೊಬ್ಬರಿಯಾಗುತ್ತದೆ. ಮಾತನ್ನು ಹಾಗೆ ಇಡಲಾಗದು. ನಾಗಲೋಕದ ಮಣಿ ಎಲ್ಲರ ಮನೆಗೂ ಬರುವುದಿಲ್ಲ.

ಕನ್ನಡ ಮತ್ತು ಉರ್ದು ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಒಂದು ಶನಿವಾರ ಈ ಎರಡು ಕಥೆಗಳನ್ನು ಒಂದೇ ಕೊಠಡಿಯಲ್ಲಿ ನಮಗೆ ಓದಿ ಹೇಳಿ. ಆಗುವುದಾದರೆ ನಮ್ಮ ತಂದೆಯರನ್ನೂ ಕರೆಯಿರಿ.